ನೀಲಗಿರಿ ಕಾಡು, ತುಂಬಿದ ಹಳ್ಳ

ಊರಿನಿಂದ ಅಪ್ಪ-ಅಮ್ಮ ಬಂದರೆ ಸಿಡ್ನಿಯಲ್ಲಿ ಇರುವವರೆಲ್ಲ ಮಾಡುವ ಕೆಲಸ ಒಂದೇ. ಒಪೇರಾ ಹೌಸ್ ಮುಂದೆ ಫೋಟೊ, ಬಾಂಡೈ ಬೀಚಿನಲ್ಲಿ ಫೋಟೊ, ಹೆಲೆನ್ಸ್‌ಬರ್ಗ್ ವೆಂಕಟೇಶ್ವರನ ದರ್ಶನ, ಕಟೂಂಬದಲ್ಲಿ ತ್ರೀ ಸಿಸ್ಟರ್ಸ್ ಬಂಡೆ. ನಮ್ಮಪ್ಪ ಇದನ್ನೆಲ್ಲ ತಕರಾರಿಲ್ಲದೆ ಮುಗಿಸಿದರು. ಪ್ರತಿ ಸಲವೂ "ಚೆನ್ನಾಗೈತೆ" ಅಂದು ಸುಮ್ಮನಾದರು. ಕೋಲಾರ ಜಿಲ್ಲೆಯ ಮಾಲೂರು ಕಡೆಯ ರೈತರು ಅವರು. ಕೂತು ಕೂತು ಕಾಲು ಹಿಡಿದುಕೊಂಡಿದೆ ಅಂತ ಗೊಣಗತೊಡಗಿದಾಗ, ಕಟೂಂಬ ಇರುವ ಬ್ಲೂ ಮೌಂಟನ್ಸ್ ಬೆಟ್ಟಸಾಲಿನಲ್ಲೇ ಬಸ್ಸುಗಟ್ಟಲೆ ಜನ ಇಳಿಯದ ಒಂದು ದಾರಿಗೆ ಕರೆದುಕೊಂಡು ಹೋದೆವು. ವೆಂಟ್‌ವರ್ತ್ ಫಾಲ್ಸ್ ಸ್ಟೇಷನ್ನಿನಲ್ಲಿ ಇಳಿದು, ಜೇಮಿಸನ್ ಹಳ್ಳದ ಪಕ್ಕದಲ್ಲೇ ನಡೆದು, ಕಣಿವೆಯ ಅಂಚಿಗೆ ಹೋಗುವ ದಾರಿ. ಚುರುಕಾಗಿ ನಡೆಯುವವರಿಗೆ ಹೋಗೋದಕ್ಕೆ ಒಂದು ಗಂಟೆ ಸಾಕು. ನಮ್ಮ ಜೊತೆ ಚಿತ್ರಾನ್ನದ ಡಬ್ಬಿ, ಒಂಬತ್ತು ವರ್ಷದ ಮಗಳು ಮತ್ತು ಅಪ್ಪ ಇದ್ದರು. ಅರ್ಧ ದಿನ ಹಿಡಿಯಿತು.

ಈ ದಾರಿಗೆ ಚಾರ್ಲ್ಸ್ ಡಾರ್ವಿನ್ ವಾಕ್ ಅಂತ ಹೆಸರು. ಅದೇ ಡಾರ್ವಿನ್. 1836ರ ಜನವರಿಯಲ್ಲಿ ಬೀಗಲ್ ಹಡಗು ಸಿಡ್ನಿಗೆ ಬಂದಿದ್ದಾಗ ಕುದುರೆ ಹತ್ತಿ ಬಾಥರ್ಸ್ಟ್ ಕಡೆ ಹೊರಟವನು, ನಡುವೆ ಇಲ್ಲಿನ ಒಂದು ಛತ್ರದಲ್ಲಿ ನಿಂತ. ಈ ಹಳ್ಳದ ಜಾಡು ಹಿಡಿದು ನಡೆದ. ಮರಗಳ ಸಂದಿಯಲ್ಲಿ ಇದ್ದಕ್ಕಿದ್ದಂತೆ ನೆಲವೇ ಇಲ್ಲದ ಹಾಗೆ ಕಣಿವೆ ತೆರೆದುಕೊಂಡಿದ್ದನ್ನು ಕಂಡು ಬೆರಗಾಗಿ ಬರೆದಿಟ್ಟ. ಆಗ ಅವನಿಗೆ ಇಪ್ಪತ್ತಾರು ವರ್ಷ. ಅವನಿಗಿಂತ ಎಷ್ಟೋ ಸಾವಿರ ವರ್ಷ ಮೊದಲಿನಿಂದ ಇಲ್ಲಿ ಗುಂಡುಂಗುರ್ರಾ ಮತ್ತು ದಾರುಗ್ ಜನ ಓಡಾಡಿದ್ದಾರೆ. ದಾರಿಗೆ ಹೆಸರು ಬಿದ್ದಿದ್ದು ಮಾತ್ರ ಒಂದು ದಿನ ಬಂದು ಹೋದವನದು. ಇದೇನು ಹೊಸದಲ್ಲ ಬಿಡಿ.

ಇಲ್ಲಿನ ಮರಗಳ ಬಗ್ಗೆಯೂ ಡಾರ್ವಿನ್ ಗೊಣಗಿದ್ದಾನೆ. ಹೆಚ್ಚುಕಡಿಮೆ ಎಲ್ಲ ಒಂದೇ ಕುಟುಂಬದವು, ಎಲೆಗಳು ಕೆಳಮುಖವಾಗಿ ಜೋತುಬಿದ್ದಿರುತ್ತವೆ, ಕಾಡಿಗೆ ನೆರಳೇ ಇಲ್ಲ ಅಂತ. ನಮ್ಮಪ್ಪ ಡಾರ್ವಿನ್ನನನ್ನು ಓದಿದವರಲ್ಲ. ಆದರೂ ನೂರು ಹೆಜ್ಜೆ ಹಾಕುವಷ್ಟರಲ್ಲಿ ತಲೆ ಎತ್ತಿ ನೋಡಿ, "ಇಷ್ಟು ಮರ ಐತೆ, ನೆರಳಿಲ್ವಲ್ಲೋ" ಅಂದರು. ಆಮೇಲೆ ಬಗ್ಗಿ, ಬಿದ್ದಿದ್ದ ಒಂದು ಎಲೆ ಎತ್ತಿಕೊಂಡರು. ನಡುವೆ ಮಡಚಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಮೂಗಿಗೆ ಹಿಡಿದರು.

"ಇದು ನೀಲಗಿರಿ ಅಲ್ವಾ?"

"ಹೂಂ ಅಪ್ಪ. ಈ ಕಾಡೆಲ್ಲ ಅದೇ. ನೂರಾರು ಜಾತಿ ಇದೆ ಇದರಲ್ಲಿ."

"ಎಲೆ ಕೀಳಬಾರದು ತಾತ, ಇದು ನ್ಯಾಷನಲ್ ಪಾರ್ಕು," ಅಂದಳು ಮಗಳು. ಬಿದ್ದಿದ್ದನ್ನು ತಗೊಂಡೆ ಅಂತ ತಾತ ಸಮಜಾಯಿಷಿ ಕೊಟ್ಟರು. ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ತಾತನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಒಂದು ಸ್ಕ್ರಿಬ್ಲಿ ಗಮ್ ಮರ ತೋರಿಸಿದಳು. ಬಿಳಿಯ ನುಣುಪಾದ ಕಾಂಡ, ಅದರ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಅಂಕುಡೊಂಕು ಗೆರೆ. ಒಂದು ಜಾತಿಯ ಪತಂಗದ ಹುಳು ತೊಗಟೆಯೊಳಗೆ ಕೊರೆಯುತ್ತಾ ಹೋಗುತ್ತದೆ, ತಿರುಗಿ ಅದೇ ದಾರಿಯಲ್ಲಿ ಬರುತ್ತದೆ. ಹಳೇ ತೊಗಟೆ ಉದುರಿದಾಗ ಗೆರೆ ಕಾಣುತ್ತದೆ. ಅಪ್ಪ ಗೆರೆಗಳ ಮೇಲೆ ಬೆರಳಾಡಿಸಿದರು. ಕಾಂಡ ಎಷ್ಟು ದಪ್ಪ ಅಂತ ನೋಡಲು ಎರಡೂ ಕೈ ಚಾಚಿ ತಬ್ಬಿದರು. ಕೈ ಕೂಡಲಿಲ್ಲ.

"ನೀಲಗಿರಿ ಮುದುಕಾಗೋದನ್ನ ಇವತ್ತೇ ನೋಡಿದ್ದು ಕಣಪ್ಪ," ಅಂದರು.

ನಿಜ. ನಮ್ಮ ಕಡೆ ಅದನ್ನು ಮುದುಕಾಗಲು ಬಿಟ್ಟವರು ಯಾರು? ಏಳೆಂಟು ವರ್ಷಕ್ಕೆ ಕೊಡಲಿ. ಬುಡದಿಂದ ಮತ್ತೆ ಚಿಗುರು, ಮತ್ತೆ ಕೊಡಲಿ. ತೊಡೆ ಗಾತ್ರ ಆಗುವುದರೊಳಗೆ ಸೆಂಟ್ರಿಂಗ್ ಗಳವಾಗಿಯೋ, ಕಾಗದದ ಕಾರ್ಖಾನೆಯ ಲೋಡಾಗಿಯೋ ಲಾರಿ ಹತ್ತುತ್ತಿತ್ತು. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಮೊದಲು ಬಂತು ಅಂತ ಹೇಳುತ್ತಾರೆ. ಇಂಗ್ಲಿಷರು ಸಿಡ್ನಿಯಲ್ಲಿ ಬಂದಿಳಿದಿದ್ದೇ 1788ರಲ್ಲಿ. ಎರಡೇ ವರ್ಷಕ್ಕೆ ಬೀಜ ನಂದಿಗೆ ಹೇಗೆ ಮುಟ್ಟಿತು ಅಂತ ನನಗೆ ಯಾವಾಗಲೂ ಅನುಮಾನ. ಅದೇನೇ ಇರಲಿ, ಕೋಲಾರದ ಹೊಲಗಳಲ್ಲಿ ಸಾಲುಸಾಲಾಗಿ ನಿಂತಿದ್ದು ಬಹುಪಾಲು ಇಲ್ಲಿಯವರು ಫಾರೆಸ್ಟ್ ರೆಡ್ ಗಮ್ ಅನ್ನುವ ಮರದ ಸಂತತಿ. ಆ ಮರ ಪಶ್ಚಿಮ ಸಿಡ್ನಿಯ ಬಯಲಿನದೇ. ಅಂದರೆ ನಾವು ಈಗ ಮನೆ ಮಾಡಿಕೊಂಡಿರುವ ಜಾಗದ್ದು.

ಮುಂದೆ ಹಲಗೆ ಹಾಸಿದ ಕಾಲುದಾರಿ. ಪಕ್ಕದಲ್ಲಿ ಹಳ್ಳ ಬಂಡೆಯಿಂದ ಬಂಡೆಗೆ ಇಳಿಯುತ್ತಾ ಜೊತೆಗೇ ಬರುತ್ತದೆ. ಮಳೆ ಬಂದು ಎಷ್ಟೋ ದಿನವಾಗಿತ್ತು. ಆದರೂ ನೀರು ಧಾರಾಳವಾಗಿತ್ತು. ಅಪ್ಪ ಒಂದು ಕಡೆ ಕೂತು ನೀರಿನಲ್ಲಿ ಕೈ ಅದ್ದಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು.

"ಇಷ್ಟು ನೀಲಗಿರಿ ಇದ್ದೂ ಹಳ್ಳದಲ್ಲಿ ನೀರು ಹೆಂಗೆ ಉಳಿದೈತೆ?"

ಕೋಲಾರದವರಿಗೆ ಮಾತ್ರ ಬರುವ ಪ್ರಶ್ನೆ ಇದು. ನೀಲಗಿರಿ ಅಂದರೆ ಬೋರ್ ಬತ್ತಿಸುವ ಮರ ಅಂತಲೇ ಕೇಳಿಕೊಂಡು ಬೆಳೆದವರು ನಾವು. ಅದು ಸುಳ್ಳೂ ಅಲ್ಲ. ಬೇರು ಆಳಕ್ಕೆ ಇಳಿದು ಮಣ್ಣಿನ ತೇವ ಎಳೆಯುತ್ತದೆ. ಒತ್ತೊತ್ತಾಗಿ ನೆಟ್ಟ ಎಳೇ ಮರಗಳಂತೂ ಕುಡಿಯುವುದೇ ಜಾಸ್ತಿ. 1987ರಲ್ಲಿ ಹಾವೇರಿ ಕಡೆಯ ಕುಸನೂರಿನಲ್ಲಿ ರೈತರು ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಮಾಡಿ ನೀಲಗಿರಿ ಸಸಿ ಕಿತ್ತೆಸೆದದ್ದು ಸುಮ್ನೆ ಅಲ್ಲ. 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ನನಗೆ ಗೊತ್ತಿದ್ದಷ್ಟು ಅಪ್ಪನಿಗೆ ಹೇಳಿದೆ. ಈ ಬೆಟ್ಟದ ಮೇಲೆ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ, ನಮ್ಮಲ್ಲಿ ಅದರ ಅರ್ಧದಷ್ಟು. ಮೇಲುಗಡೆ ಮರಳುಗಲ್ಲಿನ ಇಳಿಜಾರಿನಲ್ಲಿ ಜೌಗುನೆಲ ಇದೆ. ಹುಲ್ಲು, ಪೊದೆ, ಕೊಳೆತ ಬೇರು ಎಲ್ಲ ಸೇರಿದ ಕಪ್ಪು ಮಣ್ಣು ನೆನೆಸಿದ ಗೋಣಿಚೀಲದ ಹಾಗೆ ನೀರು ಹಿಡಿದುಕೊಂಡು, ಮಳೆ ನಿಂತ ಮೇಲೂ ನಿಧಾನವಾಗಿ ಬಿಡುತ್ತಾ ಇರುತ್ತದೆ. ಆ ಜೌಗಿನ ಮೇಲೆ ಕಾಲಿಡಬಾರದು ಅಂತಲೇ ನಾವು ನಡೆಯುತ್ತಿರುವ ಈ ಹಲಗೆ.

"ಹಂಗಾದ್ರೆ ಅದು ಕೆರೆ ಮಾಡೋ ಕೆಲಸ," ಅಂದರು ಅಪ್ಪ. "ನಮ್ದನ್ನ ನಾವೇ ಮುಚ್ಚಿದ್ವಿ."

ನಾನು ಅಪ್ಪನ ಮುಖ ನೋಡಿದೆ. ಇಷ್ಟು ವರ್ಷ ಊರಿನ ಅರಳಿಕಟ್ಟೆಯ ಮೇಲೆ ಅವರು ಬೈದಿದ್ದೆಲ್ಲ ಮರಕ್ಕೇ. ನಮ್ಮೂರ ಕೆರೆಯಲ್ಲಿ ಹೂಳು ತುಂಬಿದ್ದು, ರಾಜಕಾಲುವೆ ಒತ್ತುವರಿಯಾಗಿದ್ದು, ಪಕ್ಕದವನು ಬೋರ್ ಕೊರೆಸಿದ ಅಂತ ಅದಕ್ಕಿಂತ ಆಳಕ್ಕೆ ಇನ್ನೊಬ್ಬ ಕೊರೆಸಿದ್ದು, ಇದ್ಯಾವುದೂ ಆ ಬೈಗುಳದಲ್ಲಿ ಇರುತ್ತಿರಲಿಲ್ಲ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ ಅಂತಲೇ ಹಿರಿಯರು ಸಾವಿರಾರು ಕೆರೆ ಕಟ್ಟಿದ್ದರು. ಈಗ 2018ರಿಂದ ಕೆ.ಸಿ. ವ್ಯಾಲಿಯ ಪೈಪಿನಲ್ಲಿ ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಅದೇ ಕೆರೆಗಳಿಗೆ ಬಿಡುತ್ತಿದ್ದಾರೆ. ಬೋರುಗಳಲ್ಲಿ ನೀರು ಮೇಲೆ ಬಂದಿದೆ ಅಂತ ಊರಿನವರಿಗೆ ಖುಷಿ. ಆ ನೀರನ್ನು ಬಾಯಿಗೆ ಹಾಕಿಕೊಳ್ಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

"ತಾತ, ಕೆಟ್ಟ ಮರ ಅಂತ ಗೊತ್ತಿದ್ದೂ ನೀವು ಯಾಕೆ ನೆಟ್ರಿ?" ಅಂದಳು ಮಗಳು. ಅವಳಿಗೆ ಎಲ್ಲವನ್ನೂ ನೇರವಾಗಿ ಕೇಳುವ ಅಭ್ಯಾಸ. ಇಲ್ಲಿನ ಶಾಲೆಯಲ್ಲಿ ಅದನ್ನೇ ಕಲಿಸುತ್ತಾರೆ.

ಅಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಹೌದು, ಪಂಚೆ, ಅದರ ಮೇಲೆ ನನ್ನ ಹಳೇ ಜಾಕೆಟ್ಟು, ಕಾಲಿಗೆ ಕ್ಯಾನ್ವಾಸ್ ಶೂ.

"ನಿಮ್ಮಪ್ಪ ಇಂಜಿನಿಯರಿಂಗ್ ಓದಕ್ಕೆ ಹೋದ್ನಲ್ಲ, ಆ ವರ್ಷ ನೆಟ್ಟಿದ್ದು ಕಣಮ್ಮ. ರಾಗಿ ಹಾಕಿದ್ರೆ ಕಳೆ ಕೀಳ್ಬೇಕು, ಹಕ್ಕಿ ಕಾಯ್ಬೇಕು, ಕೊಯ್ಯಬೇಕು. ಮನೇಲಿ ಯಾರಿದ್ರು? ನೀಲಗಿರಿಗೆ ಯಾರೂ ಬೇಡ. ದನವೂ ಮೇಯಲ್ಲ. ನೆಟ್ಟು ಮರೆತುಬಿಡಬಹುದು."

ಮೊದಲ ಕಟಾವಿನ ದುಡ್ಡು ನನ್ನ ತಂಗಿಯ ಮದುವೆಗೆ ಆಯಿತು ಅಂತ ನನಗೆ ಗೊತ್ತಿತ್ತು. ಎರಡನೇ ಕಟಾವಿನದು ನಾನು ಆಸ್ಟ್ರೇಲಿಯಾಕ್ಕೆ ಬರುವಾಗಿನ ವಿಮಾನದ ಟಿಕೆಟ್ಟಿಗೆ ಹೋಯಿತು ಅನ್ನುವುದು ಅಲ್ಲಿ, ಆ ಹಳ್ಳದ ದಂಡೆಯಲ್ಲಿ ತಿಳಿಯಿತು. ಅಪ್ಪ ಲೆಕ್ಕ ಒಪ್ಪಿಸುವವರ ಹಾಗೆ ಹೇಳಲಿಲ್ಲ. ಮಾತಿನ ನಡುವೆ ಬಂತು, ಹೋಯಿತು. ಮಗಳಿಗೆ ಮಾತ್ರ ಬಹಳ ಮಜಾ ಅನ್ನಿಸಿತು. "ಅಂದ್ರೆ ಇಲ್ಲಿಯ ಮರ ಅಲ್ಲಿಗೆ ಹೋಗಿ, ಅಪ್ಪನ್ನ ಇಲ್ಲಿಗೆ ಕಳಿಸ್ತಾ?" ಅಂತ ನಗುತ್ತಾ ಮುಂದೆ ಓಡಿದಳು. ನನಗೆ ಅಷ್ಟು ಸಲೀಸಾಗಿ ನಗು ಬರಲಿಲ್ಲ.

ಕಣಿವೆ ಅಂಚಿನ ವಿಷಯ ಹೆಚ್ಚು ಹೇಳಲ್ಲ, ಫೋಟೊ ಎಲ್ಲರೂ ಹಾಕುತ್ತಾರೆ. ಹಳ್ಳ ಬಂಡೆಯಿಂದ ಧುಮುಕಿ ಮಾಯವಾಗುತ್ತದೆ. ಜೇಮಿಸನ್ ಕಣಿವೆ ಉದ್ದಕ್ಕೂ ಕಾಡು, ದೂರದಲ್ಲಿ ಮೌಂಟ್ ಸಾಲಿಟರಿ, ಎಲ್ಲದರ ಮೇಲೆ ತೆಳು ನೀಲಿ. ಅಪ್ಪ ಕಂಬಿ ಹಿಡಿದು ಕೆಳಗೆ ನೋಡಿ, "ಕಡಿದರೆ ಎಷ್ಟು ಲೋಡ್ ಆದೀತು!" ಅಂದರು. ಮೊಮ್ಮಗಳು ಸಿಟ್ಟಿನಿಂದ ನೋಡಿದಳು. "ಸುಮ್ನೆ ಅಂದೆ ಕಣಮ್ಮ" ಅಂತ ಅವಳಿಗೆ ಚಿತ್ರಾನ್ನದ ಕಡ್ಲೇಕಾಯಿ ಆರಿಸಿ ಕೊಟ್ಟರು.

ವಾಪಸ್ ರೈಲಿನಲ್ಲಿ ಮಾತು ಊರಲ್ಲಿ ನೀಲಗಿರಿ ನೆಟ್ಟಿದ್ದ ಆ ಎರಡೆಕರೆಗೇ ಬಂತು. ಜೆಸಿಬಿ ತರಿಸಿ ನೀಲಗಿರಿ ಬೊಡ್ಡೆ ಕೀಳಿಸಿ ಆಗಿದೆ. ನೆಲ ಖಾಲಿ. ನರಸಾಪುರದ ಕಡೆ ಫ್ಯಾಕ್ಟರಿಗಳು ಬಂದ ಮೇಲೆ ನಮ್ಮ ಊರಿನ ತನಕ ಬ್ರೋಕರ್‌ಗಳ ಓಡಾಟ. ಒಬ್ಬ ಎರಡು ಸಲ ಬಂದು ಕಾಫಿ ಕುಡಿದು ಹೋಗಿದ್ದಾನೆ. ಸೈಟ್ ಮಾಡೋಣ ಅಂತಾನೆ. "ನೀನೇನಂತೀಯ?" ಅಂದರು ಅಪ್ಪ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಂದು ನೋಡಿಕೊಳ್ಳುತ್ತೇನೆ ಅನ್ನುವ ಹಾಗಿಲ್ಲ, ಮಾರಿಬಿಡು ಅನ್ನಲು ಬಾಯಿ ಬರಲಿಲ್ಲ.

ಊರಿಗೆ ಹೋದ ಮೇಲೆ ಅಪ್ಪ ತಾವೇ ತೀರ್ಮಾನ ಮಾಡಿದ್ದಾರೆ. ಬದುವಿಗೆ ಹುಣಸೆ, ಹೊಂಗೆ. ನಡುವೆ ಮಾವು. ನೀಲಗಿರಿ ಮುಟ್ಟದ ಮೇಕೆಗಳು ಮಾವಿನ ಸಸಿಯನ್ನು ಬಿಟ್ಟಾವೇ? ಮೊನ್ನೆ ಫೋನಿನಲ್ಲಿ ತಂತಿ ಬೇಲಿಗೆ ದುಡ್ಡು ಕಳಿಸು ಅಂದರು. ಕಳಿಸಿದೆ. ಆ ಬ್ರೋಕರ್ ಈಗ ಅಪ್ಪನಿಗೆ ಫೋನ್ ಮಾಡುವುದನ್ನು ಬಿಟ್ಟಿದ್ದಾನೆ. ಎಲ್ಲಿಂದಲೋ ನನ್ನ ಸಿಡ್ನಿ ನಂಬರ್ ಸಂಪಾದಿಸಿದ್ದಾನೆ.