ಅಲ್ಲಿ ನಮ್ಮೋರು ಯಾರು ತಮಾ?

ಮಂಗಳವಾರ ರಾತ್ರಿ ಒಂಬತ್ತೂವರೆಗೆ ಅತ್ತೆಯ ಫೋನ್ ಬಂತು. ಎಂಟು ಗಂಟೆಗೆಲ್ಲ ಊಟ ಮುಗಿಸಿ ಮಲಗುವವರು. ಫೋನ್ ಎತ್ತುವಾಗಲೇ ಎದೆ ಹೊಡೆದುಕೊಳ್ಳುತ್ತಿತ್ತು.

“ತಮಾ, ಹುಷಾರಿದ್ದೀಯಾ?”

“ಹುಷಾರಿದ್ದೇನೆ ಅತ್ತೆ. ನಿಮಗೇನಾಯ್ತು?”

“ನನಗೇನಾಗ್ಲಿಲ್ಲ. ನಿನ್ನ ಹೆಸರೇ ಬರೂದಿಲ್ಲ. ಫೋಟೋನೂ ಇಲ್ಲ. ಎರಡು ದಿನದಿಂದ ಹುಡುಕ್ತೇ ಇದ್ದೆ.”

ಭಾನುವಾರ ನಾನು ಹಳೇ ಜಾಲತಾಣದ ಖಾತೆ ಅಳಿಸಲು ಕೊಟ್ಟಿದ್ದೆ. 14 ವರ್ಷದ ಖಾತೆ. ಕೊನೆಕೊನೆಗೆ ಅಲ್ಲಿ ನನ್ನವರು ಬರೆದದ್ದು ಕಾಣುವುದೇ ಕಡಿಮೆ ಆಗಿತ್ತು. ಗೊತ್ತಿಲ್ಲದವರ ಜಗಳ, ಜಾಹೀರಾತು, ಮತ್ತೆ ಜಗಳ. ಕಾರವಾರದಲ್ಲಿ ಕೆಲಸ ಮುಗಿಸಿ ಮನೆಗೆ ಬಂದು ಅರ್ಧ ಗಂಟೆ ಅದನ್ನು ನೋಡಿದರೆ ಮೈಯೆಲ್ಲ ಭಾರ. ಹಾಗಾಗಿ ಮಾಸ್ಟೊಡಾನ್ ಅನ್ನುವ ಇನ್ನೊಂದು ಜಾಲತಾಣಕ್ಕೆ ಹೋದೆ. ದಾರಿ ತೋರಿಸಿದವನು ನನ್ನ ಆಫೀಸಿನ ಗೆಳೆಯ. ಯಾವ ಹೊಸ ಆಪ್ ಬಂದರೂ ಅವನು ಮೊದಲು ಹೋಗುತ್ತಾನೆ, ಮೊದಲು ಬಿಡುತ್ತಾನೆ. ಅವನಿಗೆ ಎಲ್ಲೂ ಬೇರು ಇಳಿಯುವುದಿಲ್ಲ. ಬುದ್ಧಿವಂತ ಹೌದು, ಆದರೆ ಈ ವಿಷಯದಲ್ಲಿ ಅವನ ಮಾತು ಅಷ್ಟು ಬೇಗ ಕೇಳಬಾರದಿತ್ತು.

ಅತ್ತೆಗೆ ಸಮಾಧಾನ ಮಾಡಿದೆ. ಹೊಸ ಜಾಗಕ್ಕೆ ಹೋಗಿದ್ದೇನೆ, ಅಲ್ಲಿ ಜಾಹೀರಾತಿಲ್ಲ, ಯಾರು ಯಾವಾಗ ಬರೆದರೋ ಅದೇ ಸಾಲಿನಲ್ಲಿ ಕಾಣುತ್ತದೆ ಅಂತೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು.

“ಅಲ್ಲಿ ನಮ್ಮೋರು ಯಾರು ತಮಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. “ನಿಧಾನಕ್ಕೆ ಬರ್ತಾರೆ ಅತ್ತೆ” ಅಂದೆ. “ಹೌದಾ” ಅಂದರು. ಫೋನ್ ಇಟ್ಟರು. ಆ “ಹೌದಾ” ಬುಧವಾರ ಇಡೀ ದಿನ ಕಿವಿಯಲ್ಲಿತ್ತು.

ಅತ್ತೆ ಇರುವುದು ತೋಡೂರಿನ ಸೀಬರ್ಡ್ ಕಾಲೊನಿಯಲ್ಲಿ. ಮದುವೆಯಾಗಿ ಹೋಗಿದ್ದು ಕಾರವಾರದ ಹತ್ತಿರದ ಅರ್ಗಾಕ್ಕೆ. 1986ರಲ್ಲಿ ರಾಜೀವ್ ಗಾಂಧಿ ಅಲ್ಲಿ ಸೀಬರ್ಡ್ ಅನ್ನುವ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು, 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಅನ್ನುವ ಹೆಸರಿನಲ್ಲಿ ಶುರುವಾಯಿತು. ಈ ನಡುವಿನ ವರ್ಷಗಳಲ್ಲಿ ಅರ್ಗಾ, ಬಿಣಗಾ ಕಡೆಯ ಎಷ್ಟೋ ಮನೆಗಳು ಎದ್ದು ಹೋದವು. ಅತ್ತೆಯದೂ ಹೋಯಿತು. ಆಗ ನಾನು ಹೈಸ್ಕೂಲು. ಸಾಮಾನು ಹೇರಲು ಅಪ್ಪನ ಜೊತೆ ಹೋಗಿದ್ದೆ. ಮಂಚ, ಹಂಡೆ, ಒರಳುಕಲ್ಲು, ಬಾಗಿಲ ದಾರಂದ, ಹಂಚು, ಎಲ್ಲ ಲಾರಿ ಹತ್ತಿತು. ಅತ್ತೆ ಮಾತ್ರ ಒಂದು ಎಣ್ಣೆ ಡಬ್ಬದಲ್ಲಿ ಅಬ್ಬಲಿಗೆ ಗಿಡ ಇಟ್ಟುಕೊಂಡು ಮುಂದೆ ಕೂತಿದ್ದರು. ಡಬ್ಬ ಮಡಿಲಲ್ಲಿ, ಒಂದು ಕೈ ಗಿಡದ ಬುಡದಲ್ಲಿ. ಬುಡದ ಮಣ್ಣು ಒದ್ದೆ ಇತ್ತು, ಸೀರೆಗೆಲ್ಲ ಕೆಂಪು ಕಲೆ.

ಸಾಮಾನೆಲ್ಲ ತಲುಪಿತು. ಜನ ತಲುಪಲಿಲ್ಲ. ಒಂದೇ ಬಾವಿಯ ನೀರು ಸೇದುತ್ತಿದ್ದ ಪಕ್ಕದ ಮನೆಯವರು ಬೇರೆ ಕಾಲೊನಿಗೆ ಹೋದರು. ಹಿಂದಿನ ಮನೆಯವರು ಮಗಳ ಊರಾದ ಅಂಕೋಲಾಕ್ಕೆ ಹೋದರು. ಇನ್ನೊಂದು ಮನೆಯವರು ಗೋವಾಕ್ಕೆ. ಅತ್ತೆ ಇದನ್ನು ಅಳುತ್ತಾ ಹೇಳಿದ್ದನ್ನು ನಾನು ಯಾವತ್ತೂ ಕೇಳಿಲ್ಲ. “ಇಲ್ಲಿ ನಲ್ಲಿ ನೀರು ಬರ್ತದೆ, ಬಾವಿ ಹತ್ರ ಹೋಗೂದೇ ಬೇಡ” ಅನ್ನುತ್ತಿದ್ದರು, ಅಷ್ಟೇ.

ಹೊಸ ತಾಣದ ಬಗ್ಗೆ ನನಗೆ ಅತಿ ಇಷ್ಟವಾದದ್ದು ಇದಕ್ಕೆ ಪೂರ್ತಿ ಉಲ್ಟಾ. ಮಾಸ್ಟೊಡಾನ್ ಒಂದೇ ಕಂಪನಿಯ ಒಂದೇ ಜಾಗ ಅಲ್ಲ. ಯೂಜೆನ್ ರೋಚ್ಕೊ ಅನ್ನುವ ಜರ್ಮನಿಯ ಹುಡುಗ 2016ರಲ್ಲಿ ಶುರು ಮಾಡಿದ್ದು. ಬೇರೆ ಬೇರೆ ಜನ ನಡೆಸುವ ಸಾವಿರಾರು ಸರ್ವರ್‌ಗಳಿವೆ, ಒಂದೊಂದೂ ಒಂದೊಂದು ಊರು ಇದ್ದ ಹಾಗೆ. ಊರು ಬೇರೆಯಾದರೂ ಇಮೇಲ್ ಥರ ಒಬ್ಬರಿಗೊಬ್ಬರು ಮಾತಾಡಬಹುದು. ಇದ್ದ ಸರ್ವರ್ ಬೇಡ ಅನಿಸಿದರೆ ಇನ್ನೊಂದಕ್ಕೆ ಹೋಗಬಹುದು. ಆಗ ನಮ್ಮನ್ನು ಫಾಲೋ ಮಾಡುವವರು ಜೊತೆಗೆ ಬರುತ್ತಾರೆ, ಬರೆದದ್ದು ಮಾತ್ರ ಹಳೇ ಕಡೆಯೇ ಉಳಿಯುತ್ತದೆ. ಸಾಮಾನು ಬಿಟ್ಟು ಜನರನ್ನು ಕರೆದುಕೊಂಡು ಹೋಗುವುದು! ಆರ್ಕುಟ್ ಅನ್ನುವ ಜಾಲತಾಣ 2014ರಲ್ಲಿ ಮುಚ್ಚಿತು, ಬೆಂಗಳೂರಲ್ಲೇ ಹುಟ್ಟಿ ಕನ್ನಡದಿಂದಲೇ ಶುರುವಾದ ‘ಕೂ’ ಜಾಲತಾಣ 2024ರಲ್ಲಿ ಮುಚ್ಚಿತು. ಅದನ್ನೆಲ್ಲ ನೋಡಿದವನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಈಗಲೂ ನಾನು ಆ ಜಾಗವನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಅದು ಆ ಊರುಗಳ ಒಳಗಿನ ಮಾತು. ಹಳೇ ತಾಣದಿಂದ ಅಲ್ಲಿಗೆ ಬರುವಾಗ ನನ್ನ ಜೊತೆ ಯಾರೂ ಬರಲಿಲ್ಲ. ಕಾಳಿ ನದಿ ಸಮುದ್ರ ಸೇರುವ ಕಡೆಯ ಒಂದು ಫೋಟೋ ಹಾಕಿದ್ದೆ. ಇಬ್ಬರು ಮೆಚ್ಚಿದ್ದರು. ಇಬ್ಬರೂ ಯಾರೋ ಗೊತ್ತಿಲ್ಲ.

ಬುಧವಾರ ರಾತ್ರಿ ಹಳೇ ತಾಣ ತೆರೆದೆ. ಅಳಿಸಲು ಕೊಟ್ಟರೂ 30 ದಿನ ಟೈಮ್ ಇರುತ್ತದೆ. ಒಳಗೆ ಹೋಗಬೇಕಾದರೆ ಅಳಿಸುವುದನ್ನು ರದ್ದು ಮಾಡಬೇಕು. ಮಾಡಿದೆ.

ಅತ್ತೆ ದಿನಾ ಬೆಳಿಗ್ಗೆ ಏಳು ಗಂಟೆಗೆ ಒಂದು ಹೂವಿನ ಫೋಟೋ ಹಾಕುತ್ತಾರೆ. ಜಾಸ್ತಿ ಅಬ್ಬಲಿಗೆಯೇ. ಆ ಡಬ್ಬದ ಗಿಡದ ಬೀಜದಿಂದ ಎದ್ದ ಗಿಡಗಳು. ಅಂಗೈಯಲ್ಲಿ ಹೂವು ಇಟ್ಟುಕೊಂಡು ತೆಗೆಯುವುದರಿಂದ ಯಾವಾಗಲೂ ಹೆಬ್ಬೆರಳು ಬಂದಿರುತ್ತದೆ, ಉಗುರಿನ ಸಂದಿಯಲ್ಲಿ ಮಣ್ಣು. ನಾನು ಎಷ್ಟೋ ವರ್ಷದಿಂದ ಸುಮ್ನೆ ಲೈಕ್ ಒತ್ತಿ ಮುಂದೆ ಹೋಗಿದ್ದೇನೆ. ಅವರ ಮಗ ದುಬೈನಲ್ಲಿದ್ದಾನೆ, ದುಡ್ಡು ತಪ್ಪದೆ ಕಳಿಸುತ್ತಾನೆ, ಆದರೆ ಅಮ್ಮನ ಹೂವಿಗೆ ಒಂದು ಲೈಕ್ ಒತ್ತಿದ್ದು ನಾನು ನೋಡಿಲ್ಲ. ಇದನ್ನು ಅವನಿಗೆ ನೇರವಾಗಿಯೇ ಹೇಳಬೇಕು ಅಂತಿದ್ದೇನೆ.

ಯಾರು ಯಾರು ಲೈಕ್ ಒತ್ತಿದ್ದಾರೆ ಅಂತ ಮೊದಲ ಸಲ ತೆರೆದು ನೋಡಿದೆ. ಸೋಮವಾರದ ಹೂವಿಗೆ 11 ಜನ. ಒಬ್ಬೊಬ್ಬರ ಹೆಸರು ಒತ್ತಿ ನೋಡಿದೆ. ಬಾವಿಯ ಪಕ್ಕದ ಮನೆಯ ಸೊಸೆ. ಅಂಕೋಲಾಕ್ಕೆ ಹೋದವರ ಮಗಳು. ಗೋವಾಕ್ಕೆ ಹೋದವರ ಮೊಮ್ಮಗ. 11ರಲ್ಲಿ 8 ಜನ ಅರ್ಗಾದ ಆ ಕೇರಿಯವರು. ಕೆಳಗೆ ಒಬ್ಬರು ಬರೆದಿದ್ದರು: “ಅರ್ಗಾದ ಅಬ್ಬಲಿಗೆ, ಅಲ್ವಾ?”

ತುಂಬಾ ಹೊತ್ತು ಹಾಗೇ ಕೂತಿದ್ದೆ. ಜಗಳ, ಜಾಹೀರಾತು ಅಂತ ನಾನು ಬಿಟ್ಟು ಬಂದ ಜಾಗದ ಒಂದು ಮೂಲೆಯಲ್ಲಿ ಅತ್ತೆ ತಮ್ಮ ಕೇರಿಯನ್ನು ಪುನಃ ಕೂಡಿಸಿಕೊಂಡಿದ್ದರು. ದಿನಾ ಬೆಳಿಗ್ಗೆ ಏಳಕ್ಕೆ ಎಲ್ಲರೂ ಬಾವಿಕಟ್ಟೆಗೆ ಬಂದು ಮುಖ ತೋರಿಸಿ ಹೋಗುತ್ತಿದ್ದರು. ಅವರಲ್ಲಿ ನಾನೂ ಒಬ್ಬ. ಮೂರು ದಿನ ನಾನು ಬರಲಿಲ್ಲ.

ಬರೆಯುವುದನ್ನೆಲ್ಲ ಇನ್ನು ಹೊಸ ಕಡೆಯೇ ಬರೆಯುತ್ತೇನೆ. ಹಳೇ ಖಾತೆ ಇರಲಿ. ಗೆಳೆಯನಿಗೆ ಹೇಳಿದರೆ “ಎರಡು ದೋಣಿ ಮೇಲೆ ಕಾಲು” ಅಂದ. ಅನ್ನಲಿ.

ಇವತ್ತು ಏಳೂಕಾಲು ಆದರೂ ಹೂವು ಬರಲಿಲ್ಲ. ಏಳೂವರೆಗೂ ಇಲ್ಲ. ಈ ಸಲ ನಾನೇ ಫೋನ್ ಮಾಡಿದೆ.

“ರಾತ್ರಿ ಮಳೆಗೆ ಎಲ್ಲಾ ಉದುರಿ ಹೋಯ್ತು ತಮಾ. ಒಂದು ಮೊಗ್ಗು ಅದೆ. ನಾಳೆ ಹಾಕ್ತೆ” ಅಂದರು.