ರಾಶಿಯೊಳಗೆ ಸಿಕ್ಕ ನೀಲಿ ಟೈಲ್ಸ್

ನಮ್ಮ ಬೀದಿಯ ತುದಿಯಲ್ಲಿರುವ ಖಾಲಿ ನಿವೇಶನವನ್ನು ನಾವು ಅದಾಗಲೇ ಎರಡು ಬಾರಿ ಸ್ವಚ್ಛಗೊಳಿಸಿದ್ದೆವು. ಎರಡು ಬಾರಿಯೂ ವಾರ ಕಳೆಯುವುದರೊಳಗೆ, ಯಾರೋ ರಾತ್ರಿ ವೇಳೆ ತಂದು ಸುರಿದ ಕಸದಿಂದ ಅದು ಮತ್ತೆ ತುಂಬಿಕೊಂಡಿತ್ತು. ಆದ್ದರಿಂದ ಮೂರನೆಯ ಬಾರಿ, ರಾಶಿಯನ್ನು ಎತ್ತುವ ಮೊದಲು ಅದರಲ್ಲಿ ಏನೇನಿದೆ ಎಂದು ಬಿಡಿಸಿ ನೋಡೋಣವೆಂದು ನೆರೆಮನೆಯ ನಿವೃತ್ತ ಶಿಕ್ಷಕಿಯೊಬ್ಬರು ಸೂಚಿಸಿದರು.

ಒಂದು ಭಾನುವಾರ ಬೆಳಿಗ್ಗೆ ಕೈಗವಸು ಧರಿಸಿ 14 ಮಂದಿ ಕೆಲಸಕ್ಕಿಳಿದೆವು. ಅಡುಗೆಮನೆಯ ಕಸವೇ ಹೆಚ್ಚಿರಬಹುದೆಂಬ ನಮ್ಮ ಊಹೆ ಅರ್ಧ ಗಂಟೆಯಲ್ಲಿ ಸುಳ್ಳಾಯಿತು. ಅಲ್ಲಿದ್ದುದರಲ್ಲಿ ಬಹುಪಾಲು ಒಡೆದ ಗೋಡೆಯ ಚೂರು, ಹರಿದ ಹಾಸಿಗೆ, ಹಳೆಯ ಟೈರು. ಟೈರುಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಒದ್ದಾಡುತ್ತಿದ್ದವು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಹಾಗಾಗಿ ನೀರು ಚೆಲ್ಲಿ ಟೈರನ್ನು ಅಲ್ಲಿಯೇ ಬಿಡುವುದರಿಂದ ಪ್ರಯೋಜನವಿಲ್ಲ. ಮೂಲೆಯಲ್ಲಿ ತಾಮ್ರಕ್ಕಾಗಿ ವಿದ್ಯುತ್ ತಂತಿಗಳನ್ನು ಸುಟ್ಟ ಕಪ್ಪು ಗುರುತಿತ್ತು. ತಂತಿಯ ಪಿವಿಸಿ ಹೊದಿಕೆ ಉರಿದಾಗ ಡೈಆಕ್ಸಿನ್‌ನಂಥ ವಿಷ ಹೊಮ್ಮುತ್ತದೆ. ಅದಕ್ಕೆ ಹತ್ತಿರದಲ್ಲೇ ಮಕ್ಕಳು ಮಲಗುವ ಕೋಣೆಯ ಕಿಟಕಿಯೊಂದಿದೆ ಎಂಬುದು ನನ್ನನ್ನು ಬಹಳ ಕಾಡಿತು.

ಹನ್ನೊಂದು ಗಂಟೆಯ ಸುಮಾರಿಗೆ ನನ್ನ ಸಲಿಕೆಗೆ ನೀಲಿ ಟೈಲ್ಸ್ ತಾಗಿತು. ಅದು ನಮ್ಮದೇ ಬಚ್ಚಲುಮನೆಯದು. ದುರಸ್ತಿಯ ವೇಳೆ ಕಿತ್ತು ಹಾಕಿದ್ದನ್ನು ನಾನೇ ಹಣ ಕೊಟ್ಟು ಸಾಗಿಸಿದ್ದೆ. ಎಲ್ಲರೆದುರು ಅದನ್ನು ಒಪ್ಪಿಕೊಂಡು, ಸಾಗಿಸಿದವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವಶೇಷ ತೆಗೆದುಕೊಳ್ಳುವ ಕೇಂದ್ರ ದೂರವಿದೆ, ಅಲ್ಲಿ ಶುಲ್ಕ ಕಟ್ಟಬೇಕು, ಸಂಜೆಗೆ ಗೇಟು ಮುಚ್ಚುತ್ತಾರೆ ಎಂದು ವಿವರಿಸಿದ ಅವರು, "ಬೇಗ ಒಯ್ಯಿ, ಕಡಿಮೆಗೆ ಒಯ್ಯಿ ಅಂದಿರಿ; ಎಲ್ಲಿಗೆ ಅಂತ ಕೇಳಲೇ ಇಲ್ಲವಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಬಳಿಕ ಇನ್ನೂ ಮೂವರು ತಮ್ಮ ಮನೆಯ ವಸ್ತುಗಳನ್ನು ಗುರುತಿಸಿದರು.

ಹಿಂದಿನ ಎರಡು ಬಾರಿ, ಎತ್ತಲಾರದ ಕಲ್ಲುಮಣ್ಣನ್ನು ನಾವು ಒಂದು ಬದಿಗೆ ಸರಿಸಿ ಬಿಟ್ಟಿದ್ದೆವು. ಹೊಸ ಕಸವೆಲ್ಲ ಅದರ ಮೇಲೆಯೇ ಬಂದು ಬಿದ್ದಿತ್ತು. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಸಂಶೋಧಕರು ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಶಿಕ್ಷಕಿ ಆಗ ನೆನಪಿಸಿದರು: ನಿಲ್ಲಿಸಿದ ಸೈಕಲ್‌ಗಳಿಗೆ ಸಿಕ್ಕಿಸಿದ್ದ ಕರಪತ್ರವನ್ನು, ಗೋಡೆ ಶುಚಿಯಾಗಿದ್ದಾಗ ಶೇ 33ರಷ್ಟು ಮಂದಿ ನೆಲಕ್ಕೆಸೆದರೆ, ಅದೇ ಗೋಡೆಯ ಮೇಲೆ ಗೀಚಿದ್ದಾಗ ಶೇ 69ರಷ್ಟು ಮಂದಿ ಎಸೆದರು. ಈ ಬಾರಿ ಕಡೆಯ ಬುಟ್ಟಿ ಮಣ್ಣನ್ನೂ ಉಳಿಸಬಾರದೆಂದು ನಿರ್ಧರಿಸಿ, ಸಂಜೆಯವರೆಗೂ ಹೊತ್ತೆವು.

ಮರುದಿನ ಆ ಸಾಗಿಸುವವರ ವಾಹನದಲ್ಲೇ ಕುಳಿತು ಕೇಂದ್ರಕ್ಕೆ ಹೋಗಿ, ತೂಕ ಹಾಕಿಸಿ, ಶುಲ್ಕ ಕಟ್ಟಿ ರಸೀದಿ ತಂದೆ. ಅಂದಿನಿಂದ ನಮ್ಮ ಬೀದಿಯಲ್ಲಿ ದುರಸ್ತಿ ಮಾಡಿಸುವವರು, ಸಾಗಿಸುವವರಿಗೆ ಪೂರ್ತಿ ಶುಲ್ಕವನ್ನು ಸೇರಿಸಿಯೇ ಬಾಡಿಗೆ ಗೊತ್ತುಮಾಡಿ, ಅಂಥ ರಸೀದಿ ಕೈಗೆ ಬಂದ ಮೇಲೆ ಬಾಕಿ ಹಣ ಕೊಡುತ್ತಾರೆ. ಕಳೆದ ತಿಂಗಳು ಒಂದು ಮುರಿದ ಸೋಫಾ ಅಲ್ಲಿ ಕಾಣಿಸಿಕೊಂಡಿತು. ಅದು ಯಾರದೆಂದು ತಿಳಿಯಲಿಲ್ಲ. ಕತ್ತಲಾಗುವ ಮುನ್ನ ನಾಲ್ವರು ಸೇರಿ ಅದನ್ನು ತೆಗೆಸಿದೆವು.