ಥಂಡಿಗೆ ಹವಾ ಕಮ್ಮಿ ಇರ್ಲಿ ಅನ್ನೋ ಮಾತು

"ಚಾಚಾ, ಥಂಡಿ ಭಾಳ ಅದ. ಹವಾ ಸ್ವಲ್ಪ ಕಮ್ಮೀನೇ ಇರ್ಲಿ, ಟಯರ್ ರೋಡ್ ಹಿಡೀತದ."

ಈ ವಾರ ಬೀದರ್‌ನ ನೌಬಾದ್ ಕಡೆ ಒಂದು ಪಂಕ್ಚರ್ ಅಂಗಡಿ ಮುಂದೆ ಕಿವಿಗೆ ಬಿದ್ದ ಮಾತಿದು. ಹುಡುಗನ ಗಾಡಿಯ ಎರಡೂ ಬದಿಗೆ ಹಾಲಿನ ಕ್ಯಾನ್. ಚಾಚಾ ಹಿಂದಿನ ಟಯರ್ ಮೇಲೆ ಹೆಬ್ಬೆರಳು ಒತ್ತಿ, "ಇಷ್ಟ್ ಸಾಕು ಬೇಟಾ, ಹೋಗು" ಅಂದರು. ಹುಡುಗ ಹೋದ.

ಚಾಚಾ ಕೈ ಅಂದ್ರೆ ಕೈ. ಲಿವರ್ ಹಾಕಿ ಟ್ಯೂಬ್ ಹೊರಗೆ ತೆಗೆಯುವಾಗ ಒಂದು ಗೀರು ಬೀಳಲ್ಲ. ಹುಡುಗನೂ ಚಳಿಯಲ್ಲಿ ಕತ್ತಲಿರುವಾಗಲೇ ಎದ್ದು ದುಡಿಯುವವನು. ಇಂಥ ಇಬ್ಬರ ನಡುವೆ ಇಷ್ಟು ದೊಡ್ಡ ತಪ್ಪು ಇಷ್ಟು ಸಲೀಸಾಗಿ ದಾಟಿಹೋಗಿದ್ದು ಸಂಕಟದ ವಿಷಯ.

ಮೊದಲು ಹೆಬ್ಬೆರಳಿನ ಮಾತು. ಬೈಕ್ ಟಯರಿನ ಪಕ್ಕದ ಗೋಡೆ ದಪ್ಪ. ಒಳಗಿನ ಹವಾ 20 ಪಿಎಸ್‌ಐ (ಹವಾ ಒತ್ತಡ ಅಳೆಯುವ ಲೆಕ್ಕ) ಇದ್ದರೂ 28 ಇದ್ದರೂ ಬೆರಳಿಗೆ ಹೆಚ್ಚುಕಮ್ಮಿ ಒಂದೇ. ಅದರ ಮೇಲೆ ಚಳಿಗೆ ರಬ್ಬರ್ ಬಿರುಸಾಗುತ್ತದೆ, ಹವಾ ಇಳಿದ ಟಯರ್ ಕೂಡ ಗಟ್ಟಿ ಇದ್ದಂತೆ ಕಾಣುತ್ತದೆ. ಬೆರಳನ್ನು ನಂಬಲೇಬಾರದ ಕಾಲ ಅಂದ್ರೆ ಈ ಥಂಡಿಗಾಲವೇ.

"ಹವಾ ಕಮ್ಮಿ ಇದ್ದರೆ ರೋಡ್ ಹಿಡೀತದ" ಅನ್ನೋದು ರೇಸಿನ ಟ್ರ್ಯಾಕಿನಿಂದ ಅರ್ಧಂಬರ್ಧ ಬಂದ ಮಾತಿರಬೇಕು. ಅಲ್ಲಿಯ ಮೆತ್ತನೆ ರಬ್ಬರ್ ಬೇರೆ, ಅವರು ಬಿಸಿ ಮಾಡಿಕೊಂಡೇ ಇಳಿಯುವುದು ಬೇರೆ. ನಮ್ಮ 100 ಸಿಸಿ ಗಾಡಿ ಹಿಂದೆ ಭಾರ ಹೊತ್ತು ಕಮ್ಮಿ ಹವಾದಲ್ಲಿ ಓಡಿದರೆ ಟಯರ್ ಮಗ್ಗುಲಿಗೆ ಹೊಯ್ದಾಡುತ್ತದೆ, ಹ್ಯಾಂಡಲ್ ಭಾರ ಆಗುತ್ತದೆ, ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳಲ್ಲ. ಮಂಜು ಬಿದ್ದು ರೋಡ್ ತೇವ ಇದ್ದರೆ ಟಯರಿನ ಗೆರೆಗಳು ಮುಚ್ಚಿಕೊಂಡು ಇನ್ನೂ ಜಾರುತ್ತದೆ. ಥಂಡಿಯಲ್ಲಿ ಹಿಡಿತ ಬೇಕಿದ್ದರೆ ಮೊದಲ ಐದಾರು ಕಿಲೋಮೀಟರ್ ನಿಧಾನ ಓಡಿಸಿ, ಜೋರಾಗಿ ಬ್ರೇಕ್ ಒತ್ತಬೇಡಿ. ರಬ್ಬರ್ ತಾನೇ ಬಿಸಿಯಾಗುತ್ತದೆ.

ಬೀದರ್ ಥಂಡಿಗೆ ಒಂದು ಗುಣ ಇದೆ. ಡಿಸೆಂಬರ್, ಜನವರಿಯಲ್ಲಿ ಥಂಡಿ ಜೋರಿದ್ದ ದಿನ ನಸುಕಿಗೆ 10 ಡಿಗ್ರಿ ಆಸುಪಾಸು, ಮಧ್ಯಾಹ್ನ ಅದೇ ಊರಲ್ಲಿ ಸ್ವೆಟರ್ ಬೇಡ ಅನ್ನಿಸುವ ಬಿಸಿಲು. ಟಯರಿನ ಒಳಗಿನ ಹವಾ 10 ಡಿಗ್ರಿ ತಣ್ಣಗಾದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಈಗ ಲೆಕ್ಕ ನೋಡಿ. ಮಧ್ಯಾಹ್ನ ಓಡಿ ಬಂದ, ಒಳಗೆ 45 ಡಿಗ್ರಿ ಇರುವ ಟಯರಿಗೆ 28 ಹಾಕಿಸಿದಿರಿ. ಹವಾ ಅಳೆಯುವ ಗೇಜ್ ತೋರಿಸುವುದು ಹೊರಗಿನ ಹವೆಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಅನ್ನೋದಷ್ಟೇ, ಆದರೆ ತಣ್ಣಗಾದಾಗ ಇಳಿಯುವುದು ಎರಡೂ ಸೇರಿದ ಒಟ್ಟು ಒತ್ತಡ. ಬೀದರಿನ ಎತ್ತರದಲ್ಲಿ ಹೊರಗಿನದೇ ಸುಮಾರು 13.5 ಪಿಎಸ್‌ಐ, ಸೇರಿಸಿದರೆ 41.5. ಮರುದಿನ ನಸುಕಿಗೆ 10 ಡಿಗ್ರಿಗೆ ಇಳಿದಾಗ ಅದು 37ರ ಹತ್ತಿರ ಬರುತ್ತದೆ, ಅಂದರೆ ಗೇಜಿನಲ್ಲಿ 23 ಚಿಲ್ಲರೆ. ಪಂಕ್ಚರ್ ಇಲ್ಲ, ಸೋರಿಕೆ ಇಲ್ಲ, ಆದರೂ ನಾಲ್ಕೂವರೆ ಹೋಯ್ತು! ನೈಟ್ರೋಜನ್ ತುಂಬಿಸಿದರೂ ಇದೇ ಲೆಕ್ಕ. ಮಾಮೂಲಿ ಹವೆಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ.

ಇಂಥ 100 ಸಿಸಿ ಗಾಡಿಗಳಿಗೆ ಸಾಮಾನ್ಯವಾಗಿ ಮುಂದಿನ ಟಯರಿಗೆ 25, ಹಿಂದಿನ ಟಯರಿಗೆ ಒಬ್ಬರೇ ಓಡಿಸಿದರೆ 28, ಹಿಂದೆ ಕೂತವರಿದ್ದರೆ 32 ಅಥವಾ ಅದಕ್ಕೂ ಜಾಸ್ತಿ. ನಿಮ್ಮ ಗಾಡಿಯದ್ದು ಚೈನ್ ಕವರ್ ಅಥವಾ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರ್‌ನಲ್ಲಿ ಇರುತ್ತದೆ. ಎರಡು 20 ಲೀಟರ್ ಕ್ಯಾನ್ ತುಂಬಿದರೆ ಹಾಲೇ 40 ಕಿಲೋ ಮೇಲೆ, ಅದು ಹಿಂದೆ ಆಳು ಕೂತ ಲೆಕ್ಕವೇ. ಅಂಥ ಗಾಡಿ 32ರ ಬದಲು 23ರಲ್ಲಿ ಓಡುವಾಗ "ಕಮ್ಮೀನೇ ಇರ್ಲಿ" ಅಂದ್ರೆ ಏನರ್ಥ? ಆ ಸ್ಟಿಕರ್ ಕೂಡ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಕೆಂಪು ಮಣ್ಣು ಮೆತ್ತಿಕೊಂಡು ಕೂತಿರುತ್ತದೆ. ಕನ್ನಡ, ಉರ್ದು, ಮರಾಠಿ ಓಡಾಡುವ ಊರಲ್ಲಿ ಅದನ್ನು ಯಾರು ಓದಬೇಕು? ಗಾಡಿ ಮಾರುವವರು ಆ ಮೂರು ಅಂಕಿಯನ್ನು ಬಾಯಿಬಿಟ್ಟು ಹೇಳಿದರೆ ಎಷ್ಟೋ ಟಯರ್, ಎಷ್ಟೋ ಮೈಕೈ ಉಳಿಯುತ್ತವೆ.

ಸ್ಪೋಕ್ ಚಕ್ರದ ಟ್ಯೂಬ್ ಗಾಡಿಗಳಿಗೆ ಇನ್ನೊಂದು ಅಪಾಯ ಇದೆ. ಹವಾ ಕಮ್ಮಿಯಾದಾಗ ಬ್ರೇಕ್ ಒತ್ತಿದರೆ, ಎಕ್ಸಲೇಟರ್ ಕೊಟ್ಟರೆ ಟಯರ್ ರಿಮ್ಮಿನ ಮೇಲೆ ಇಷ್ಟಿಷ್ಟೇ ಸರಿಯುತ್ತದೆ, ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ನೆಟ್ಟಗೆ ನಿಂತಿರಬೇಕಾದದ್ದು ಓರೆಯಾಗುತ್ತದೆ. ಹಾಗೇ ಬಿಟ್ಟರೆ ವಾಲ್ವಿನ ಬುಡದಲ್ಲೇ ಟ್ಯೂಬ್ ಹರಿದು ಒಮ್ಮೆಲೆ ಹವಾ ಹೋಗುತ್ತದೆ, ಅಲ್ಲಿ ಪ್ಯಾಚೂ ನಿಲ್ಲಲ್ಲ. ಓರೆ ಕಂಡರೆ ಪೂರ್ತಿ ಹವಾ ಬಿಟ್ಟು, ಟಯರ್ ಸಡಿಲಿಸಿ, ವಾಲ್ವ್ ನೆಟ್ಟಗೆ ಮಾಡಿ ಮತ್ತೆ ತುಂಬಿಸಬೇಕು.

ಕೆಲವು ನೂರು ರೂಪಾಯಿಗೆ ಕೈಯಲ್ಲಿ ಹಿಡಿಯುವ ಗೇಜ್ ಸಿಗುತ್ತದೆ. ಅಂಗಡಿ ಕಂಪ್ರೆಸರ್ ಮೇಲಿನ ಮುಳ್ಳು ತೋರಿಸುವುದು ಟ್ಯಾಂಕಿನ ಒತ್ತಡ, ನಿಮ್ಮ ಟಯರಿನದಲ್ಲ. ವಾರಕ್ಕೊಮ್ಮೆ ನಸುಕಿಗೆ, ಗಾಡಿ ಚಾಲೂ ಮಾಡುವ ಮೊದಲು, ಬಿಸಿಲು ಬೀಳುವ ಮೊದಲು ನೋಡಿ. ಕ್ಯಾಪ್ ಬಿಚ್ಚಿ ಮಣ್ಣು ಒರೆಸಿ, ಗೇಜ್ ನೇರ ಒತ್ತಿ. ಎರಡು ಸಲ ಒಂದೇ ಅಂಕಿ ಬಂದರೆ ನಂಬಿ. ವಾಲ್ವ್ ಬಾಯಿಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಎದ್ದರೆ ಒಳಗಿನ ಪಿನ್ ಬದಲಿಸಿ. ಕ್ಯಾಪ್ ಇಲ್ಲದೆ ಓಡಿಸಬೇಡಿ.

ಅಷ್ಟೊತ್ತಿಗೆ ಅಂಗಡಿ ಎಲ್ಲಿ ತೆರೆದಿರುತ್ತದೆ? ಬೇಕಾಗಿಲ್ಲ. ನಸುಕಿಗೆ 28 ಇರಬೇಕಾದಲ್ಲಿ 24 ಬಂದರೆ "ನಾಲ್ಕು ಕಮ್ಮಿ" ಅಂತ ನೆನಪಿಡಿ. ಮಧ್ಯಾಹ್ನ ಬಂಕಿಗೆ ಹೋದಾಗ ಬಿಸಿ ಟಯರ್ 29 ತೋರಿಸುತ್ತದೆ ಅನ್ನಿ, 33 ಹಾಕಿಸಿ. ಹಾಕುವವನು "ಜಾಸ್ತಿ ಆಯ್ತ್ರಿ" ಅಂದರೂ ಇಳಿಸಬೇಡಿ, ಮರುದಿನ ನಸುಕಿಗೆ ಅದು 28ರ ಹತ್ತಿರ ಬಂದಿರುತ್ತದೆ. ಫೆಬ್ರವರಿ ಕಳೆದು ಬೆಳಗಿನ ಥಂಡಿ ಹೋದಾಗ ಅದೇ ಟಯರ್ ಒಂದೆರಡು ಪಿಎಸ್‌ಐ ಏರಿರುತ್ತದೆ. ಆಗಲೂ ತಣ್ಣಗಿರುವಾಗಲೇ ಅಳೆದು ಹೆಚ್ಚಾದದ್ದನ್ನು ಬಿಡಿ, ಓಡಿ ಬಂದ ಬಿಸಿ ಟಯರಿನಿಂದ ಹವಾ ತೆಗೆಯಬೇಡಿ.